64 ಜಿಬಿ ಪೆನ್‌ಡ್ರೈವ್‌ನಲ್ಲಿ 59.6 ಮಾತ್ರ ಕಂಡರೆ ಅದು ನಕಲಿಯಲ್ಲ
‘64 ಜಿಬಿ ಪೆನ್‌ಡ್ರೈವ್ ವಿಂಡೋಸ್‌ನಲ್ಲಿ 59.6 ಜಿಬಿ ತೋರಿಸಿದರೆ ಅದು ನಕಲಿ, ಫಾರ್ಮ್ಯಾಟ್ ಮಾಡಿದರೆ ಉಳಿದ ಜಾಗ ಮರಳಿ ಸಿಗುತ್ತದೆ’ ಎಂಬ ಸಂದೇಶ ಹರಿದಾಡುತ್ತಿದೆ. ಎರಡೂ ತಪ್ಪು.

ತಯಾರಕರ ಲೆಕ್ಕದಲ್ಲಿ ಒಂದು ಜಿಬಿ ಎಂದರೆ 100 ಕೋಟಿ ಬೈಟ್. ವಿಂಡೋಸ್ ಲೆಕ್ಕದಲ್ಲಿ 1024ರ ಘನ, ಅಂದರೆ 107,37,41,824 ಬೈಟ್. 6,400 ಕೋಟಿಯನ್ನು ಇದರಿಂದ ಭಾಗಿಸಿ ನೋಡಿ, 59.6 ಬರುತ್ತದೆ. ಒಂದು ಬೈಟೂ ಕಳೆದುಹೋಗಿಲ್ಲ. ಈ ಎರಡನೆಯ ಅಳತೆಗೆ ‘ಗಿಬಿಬೈಟ್’ ಎಂಬ ಬೇರೆ ಹೆಸರೇ ಇದೆ. ವಿಂಡೋಸ್ ಅದನ್ನು ಬಳಸದೆ ಜಿಬಿ ಎಂದೇ ಬರೆಯುವುದು ಗೊಂದಲದ ಮೂಲ. ಅದೇ ಡ್ರೈವನ್ನು ಮ್ಯಾಕ್‌ಗೆ ಚುಚ್ಚಿದರೆ ಸುಮಾರು 64 ಎಂದೇ ಕಾಣುತ್ತದೆ.

ನಿಜವಾದ ನಕಲಿ ಇದಕ್ಕಿಂತ ಅಪಾಯಕಾರಿ, ಏಕೆಂದರೆ ಅದು ಪೂರ್ತಿ ಗಾತ್ರವನ್ನೇ ತೋರಿಸುತ್ತದೆ. ಒಳಗೆ 8 ಜಿಬಿ ಚಿಪ್ ಇಟ್ಟು, ಡ್ರೈವನ್ನು ನಿಯಂತ್ರಿಸುವ ಭಾಗವಾದ ಕಂಟ್ರೋಲರ್ ಗಾತ್ರದ ಬಗ್ಗೆ ಸುಳ್ಳು ಹೇಳುವಂತೆ ಮಾಡಿರುತ್ತಾರೆ. ಎಂಟು ಜಿಬಿ ದಾಟಿದ ಮೇಲೆ ಕಾಪಿ ಮಾಡಿದ ಫೈಲುಗಳ ಹೆಸರು ಕಾಣುತ್ತದೆ, ತೆರೆದರೆ ಕೆಟ್ಟಿರುತ್ತವೆ. ಫಾರ್ಮ್ಯಾಟ್ ಮಾಡಿ ಇದನ್ನು ಸರಿಪಡಿಸಲಾಗದು. ಪತ್ತೆಗೆ ಡ್ರೈವ್ ಖಾಲಿ ಮಾಡಿ, ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ಎಂಬ ಪರೀಕ್ಷಾ ತಂತ್ರಾಂಶ (H2testw, F3) ಓಡಿಸಿ. ಇವು ಡ್ರೈವನ್ನು ಪೂರ್ತಿ ತುಂಬಿಸಿ, ಬರೆದದ್ದನ್ನೆಲ್ಲ ಮರಳಿ ಓದಿ ಹೋಲಿಸುತ್ತವೆ. ಗಂಟೆಗಟ್ಟಲೆ ಹಿಡಿಯಬಹುದು, ಮಧ್ಯೆ ನಿಲ್ಲಿಸಬೇಡಿ.