ಬರ್ನ್‌ಔಟ್: ಕಾಯಿಲೆಯೂ ಅಲ್ಲ, ವಾರದ ರಜೆಯಲ್ಲಿ ಹೋಗುವಂಥದ್ದೂ ಅಲ್ಲ

‘ಬರ್ನ್‌ಔಟ್ (ಕೆಲಸದ ಒತ್ತಡದಿಂದ ಬಳಲಿ ಬತ್ತಿಹೋಗುವುದು) ಒಂದು ಕಾಯಿಲೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದೆ, ಒಂದು ವಾರ ರಜೆ ಹಾಕಿದರೆ ಗುಣವಾಗುತ್ತದೆ’ ಎಂಬ ಸಂದೇಶ ಮೊಬೈಲುಗಳಲ್ಲಿ ಹರಿದಾಡುತ್ತಿದೆ. ಎರಡೂ ಮಾತು ತಪ್ಪು.

2019ರ ಮೇ ತಿಂಗಳಲ್ಲಿ ಸಂಸ್ಥೆಯೇ ಸ್ಪಷ್ಟಪಡಿಸಿತ್ತು: ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ 11ನೇ ಆವೃತ್ತಿಯಲ್ಲಿ ಬರ್ನ್‌ಔಟ್ ಇರುವುದು ಉದ್ಯೋಗಸಂಬಂಧಿ ಸ್ಥಿತಿಯಾಗಿ, ರೋಗವಾಗಿ ಅಲ್ಲ. ನಿಭಾಯಿಸಲಾಗದೆ ಉಳಿದ, ದೀರ್ಘಕಾಲದ ಕೆಲಸದ ಒತ್ತಡ ಇದರ ಮೂಲ. ಶಕ್ತಿ ಬತ್ತುವುದು, ಕೆಲಸದ ಬಗ್ಗೆ ಮನಸ್ಸು ಕಹಿಯಾಗಿ ದೂರ ಸರಿಯುವುದು, ‘ನನ್ನ ಕೈಲಿ ಆಗುತ್ತಿಲ್ಲ’ ಎನ್ನಿಸುವುದು ಇದರ ಮೂರು ಮುಖಗಳು.

ಕಾರಣ ಕೆಲಸದಲ್ಲಿದ್ದರೆ ರಜೆಯೊಂದೇ ಏನು ಮಾಡೀತು? ನನಗೆ ಪರಿಚಯದ ಮುಖ್ಯೋಪಾಧ್ಯಾಯಿನಿಯೊಬ್ಬರು ಎಂಟು ದಿನ ತವರಿನಲ್ಲಿದ್ದು ಬಂದರು. ಮೇಜಿನ ಮೇಲೆ ಬಿಸಿಯೂಟದ ಲೆಕ್ಕದ ಪುಸ್ತಕ ಹಾಗೆಯೇ ಕಾದಿತ್ತು. ರಾತ್ರಿ ಹತ್ತೂವರೆಗೆ ‘ನಾಳೆ ಬೆಳಿಗ್ಗೆಯೊಳಗೆ ಮಾಹಿತಿ ಕಳುಹಿಸಿ’ ಎಂಬ ಸಂದೇಶವೂ ಬಂತು. ಮೂರೇ ದಿನಕ್ಕೆ ಮತ್ತದೇ ಬಳಲಿಕೆ. ಅವರಿಗೆ ನಿಜಕ್ಕೂ ಉಸಿರಾಡಲು ಆದದ್ದು, ಲೆಕ್ಕದ ಹೊಣೆಯನ್ನು ಸಹಶಿಕ್ಷಕರೊಬ್ಬರಿಗೆ ಪೂರ್ತಿಯಾಗಿ ಒಪ್ಪಿಸಿ, ರಾತ್ರಿ ಎಂಟರ ನಂತರ ಫೋನನ್ನು ಪಡಸಾಲೆಯಲ್ಲೇ ಬಿಟ್ಟ ಮೇಲೆ. ಒಪ್ಪಿಸಿದ ಕೆಲಸವನ್ನು ಮತ್ತೆ ಮತ್ತೆ ಇಣುಕಿ ನೋಡದಿರುವುದೇ ಅವರಿಗೆ ಅತಿ ಕಷ್ಟವಾಗಿತ್ತಂತೆ. ಹಿರಿಯ ಹುದ್ದೆಯಲ್ಲಿರುವ ಅನೇಕರ ಪಾಡು ಇದೇ.

ಕಾಯಿಲೆಯಲ್ಲ ಎಂದ ಮಾತ್ರಕ್ಕೆ ವೈದ್ಯರ ಬಳಿ ಹೋಗಬೇಡಿ ಎಂದರ್ಥವಲ್ಲ. ರಕ್ತಹೀನತೆ, ಥೈರಾಯ್ಡ್ ತೊಂದರೆ, ಖಿನ್ನತೆ ಕೂಡ ಇದೇ ಬಗೆಯ ದಣಿವು ತರುತ್ತವೆ, ಇವುಗಳಿಗೆ ಚಿಕಿತ್ಸೆಯಿದೆ.