ಪಟ್ಟ ಸಿಕ್ಕ ಮೇಲೂ ಮ್ಯಾಕ್‌ಬೆತ್ ಕೊಲ್ಲುತ್ತಲೇ ಹೋದದ್ದೇಕೆ?

ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ನಾಟಕದ ಹೆಸರು ಬಂದ ಕೂಡಲೇ "ಅತಿಯಾಸೆ ಗತಿಗೇಡು" ಅಂದು ಮಾತು ಮುಗಿಸಿಬಿಡುವವರೇ ಹೆಚ್ಚು. ಪರೀಕ್ಷೆಯಲ್ಲಿ ಐದು ಅಂಕದ ಉತ್ತರಕ್ಕೆ ಅದು ಸಾಕು. ನಾಟಕಕ್ಕೆ ಸಾಲದು. ಎರಡನೇ ಅಂಕ ಮುಗಿಯುವಷ್ಟರಲ್ಲಿ ಡಂಕನ್ ರಾಜ ಸತ್ತಾಗಿದೆ, ಅವನ ಮಕ್ಕಳಿಬ್ಬರೂ ಓಡಿಹೋಗಿದ್ದಾರೆ, ಮ್ಯಾಕ್‌ಬೆತ್ ಪಟ್ಟ ಕಟ್ಟಿಸಿಕೊಳ್ಳಲು ಸ್ಕೋನ್‌ಗೆ ಹೊರಟಿದ್ದಾನೆ. ಅಂದರೆ ಆಸೆ ಈಡೇರಿತು. ಇನ್ನೂ ಮೂರು ಅಂಕ ಬಾಕಿ ಇವೆ! ಬೇಕಾದದ್ದು ಕೈಗೆ ಬಂದ ಮೇಲೂ ಈ ಮನುಷ್ಯ ಯಾಕೆ ಕೊಲ್ಲುತ್ತಲೇ ಹೋಗುತ್ತಾನೆ?

ನನಗೆ ತೋಚುವ ಉತ್ತರ ಇಷ್ಟು. ಆಸೆ ಅವನಿಂದ ಮಾಡಿಸಿದ್ದು ಒಂದೇ ಒಂದು ಕೊಲೆ. ಉಳಿದದ್ದನ್ನೆಲ್ಲ ಮಾಡಿಸಿದ್ದು, ಬಂದದ್ದು ಎಲ್ಲಿ ಜಾರಿಹೋದೀತೋ ಎಂಬ ಹೆದರಿಕೆ. ಅಧಿಕಾರದ ಹಸಿವು ಅಂತ ನಾವು ಕರೆಯುವುದರಲ್ಲಿ ಹಸಿವು ಮೊದಲಿಗೆ ಮಾತ್ರ ಇರುತ್ತದೆ. ಆಮೇಲಿನದೆಲ್ಲ ಕಾವಲು ಕಾಯುವ ಕೆಲಸ, ಮತ್ತು ಆ ಕಾವಲುಗಾರನಿಗೆ ನಿದ್ದೆಯಿಲ್ಲ.

ಮೊದಲು ಆ ಮನುಷ್ಯನನ್ನು ನೋಡೋಣ. ಆರಂಭದಲ್ಲಿ ಅವನು ಕೆಟ್ಟವನಲ್ಲ. ಸಾಧು ಅನ್ನುವುದೂ ಕಷ್ಟ, ಯಾಕೆಂದರೆ ಅವನ ಪರಿಚಯ ನಮಗಾಗುವುದೇ ರಕ್ತದ ಮೂಲಕ. ಗಾಯಗೊಂಡ ಸೈನಿಕನೊಬ್ಬ ರಣರಂಗದಿಂದ ಬಂದು, ದಂಗೆಯೆದ್ದ ಮ್ಯಾಕ್‌ಡೊನ್ವಾಲ್ಡನನ್ನು ಮ್ಯಾಕ್‌ಬೆತ್ ಹೊಕ್ಕುಳಿಂದ ದವಡೆಯವರೆಗೂ ಸೀಳಿ, ತಲೆಯನ್ನು ಕೋಟೆಗೋಡೆಯ ಮೇಲೆ ನೆಟ್ಟ ಸುದ್ದಿ ಹೇಳುತ್ತಾನೆ. ಕೇಳಿದ ರಾಜ ಹಿಗ್ಗಿಹೋಗುತ್ತಾನೆ. ಎಂಥ ಶೂರ, ಎಂಥ ಸಭ್ಯ! ಇದನ್ನು ನಾವು ಮರೆಯಬಾರದು. ಆ ರಾಜ್ಯ ಅವನಿಗೆ ಕಲಿಸಿದ್ದೇ ಕೊಲ್ಲುವುದನ್ನು, ಅವನ ಬಿರುದು ಬಾವಲಿಗಳೆಲ್ಲ ಬಂದದ್ದು ಅದಕ್ಕೇ. ಈ ಸಲ ಬಹುಮಾನವಾಗಿ ಸಿಗುವ ಕಾಡರ್‌ನ ಪದವಿಯಾದರೂ ಯಾರದು? ರಾಜದ್ರೋಹಕ್ಕೆ ಪ್ರಾಣ ತೆತ್ತವನದು. ಆ ದ್ರೋಹಿಯ ವಿಚಾರ ಬಂದಾಗ ಡಂಕನ್, ಮುಖ ನೋಡಿ ಮನಸ್ಸು ತಿಳಿಯುವ ವಿದ್ಯೆ ಯಾವುದೂ ಇಲ್ಲ, ಅವನನ್ನು ಪೂರಾ ನಂಬಿದ್ದೆ ಎಂದು ನಿಟ್ಟುಸಿರು ಬಿಡುತ್ತಾನೆ. ಅದೇ ಗಳಿಗೆಗೆ ಸರಿಯಾಗಿ ಒಳಗೆ ಕಾಲಿಡುವವನು ಮ್ಯಾಕ್‌ಬೆತ್. ಶೇಕ್ಸ್‌ಪಿಯರ್ ಇಂಥ ಜಾಗಗಳಲ್ಲಿ ತುಂಬ ಕ್ರೂರಿ.

ಇನ್ನು ಆ ಮೂವರು ಮಾಟಗಾತಿಯರು. ಎಲ್ಲ ಅವರಿಂದಲೇ ಆಯಿತು ಅನ್ನುವವರು ಅವರ ಮಾತನ್ನು ಇನ್ನೊಮ್ಮೆ ಓದಬೇಕು. ನೀನು ಕಾಡರ್‌ನ ಸರದಾರನಾಗುತ್ತೀಯ, ಆಮೇಲೆ ರಾಜನಾಗುತ್ತೀಯ ಅಂದರೇ ಹೊರತು, ಕೊಲೆ ಮಾಡು ಅನ್ನಲಿಲ್ಲ. ಪಕ್ಕದಲ್ಲೇ ನಿಂತಿದ್ದ ಜೊತೆಯ ಸೇನಾನಿ ಬ್ಯಾಂಕೋಗೂ ಭವಿಷ್ಯ ಹೇಳಿದರು: ನೀನು ರಾಜನಾಗುವುದಿಲ್ಲ, ನಿನ್ನ ಸಂತತಿಯವರು ಆಗುತ್ತಾರೆ. ಅವನು ಮನೆಗೆ ಹೋಗಿ ಯಾರನ್ನೂ ಕೊಲ್ಲಲಿಲ್ಲ. ಅವನಿಗೂ ಕೆಟ್ಟ ಕನಸು ಬಿದ್ದವು, ಒಳಗೊಳಗೇ ತುಡಿತವಿತ್ತು, ಅಷ್ಟಕ್ಕೇ ನಿಂತಿತು. ಮ್ಯಾಕ್‌ಬೆತ್ ಮಾತ್ರ ಕಾಡರ್‌ನ ಪದವಿ ನಿಜವಾಯಿತೆಂದು ತಿಳಿದ ಮರುಕ್ಷಣವೇ ತನ್ನ ಮನಸ್ಸಿನಲ್ಲಿ ಎದ್ದ ಚಿತ್ರಕ್ಕೆ ತಾನೇ ನಡುಗುತ್ತಾನೆ, ಕೂದಲು ನಿಮಿರುತ್ತವೆ, ಎದೆ ಡವಗುಟ್ಟುತ್ತದೆ. ಯಾರೂ ಹೇಳದ ಕೊಲೆಯ ಯೋಚನೆ ಎಲ್ಲಿಂದ ಬಂತು? ವಿಧಿ ನನ್ನನ್ನು ರಾಜನನ್ನಾಗಿ ಮಾಡುವುದಾದರೆ ನಾನು ಕೈಯಾಡಿಸದೆಯೂ ಮಾಡಲಿ ಅಂತ ಒಂದು ಸಲ ಅಂದುಕೊಳ್ಳುತ್ತಾನೆ ಕೂಡ. ಡಂಕನ್ ತನ್ನ ಮಗ ಮಾಲ್ಕಂನನ್ನು ಉತ್ತರಾಧಿಕಾರಿಯೆಂದು ಸಾರಿದೊಡನೆ ಆ ತಾಳ್ಮೆ ಮುಗಿಯಿತು.

ನನಗೆ ಇಡೀ ನಾಟಕದಲ್ಲಿ ತುಂಬ ಕಾಡುವುದು ಮೊದಲ ಅಂಕದ ಏಳನೇ ದೃಶ್ಯ. ಒಳಗೆ ರಾಜನಿಗೆ ಔತಣ ನಡೆಯುತ್ತಿದೆ. ಮನೆಯ ಯಜಮಾನ ಎದ್ದು ಹೊರಗೆ ಬಂದು ಒಬ್ಬನೇ ನಿಂತು ಲೆಕ್ಕ ಹಾಕುತ್ತಾನೆ. ಡಂಕನ್ ನನ್ನ ಬಂಧು, ನನ್ನ ದೊರೆ, ಇವತ್ತು ನನ್ನ ಮನೆಯ ಅತಿಥಿ. ಕೊಲೆಗಾರ ಒಳಗೆ ನುಗ್ಗದಂತೆ ಬಾಗಿಲು ಹಾಕಬೇಕಾದವನು ನಾನು, ನಾನೇ ಚೂರಿ ಹಿಡಿಯುವುದೇ? ಮೇಲಾಗಿ ಅವನು ಸೌಮ್ಯ, ಅಧಿಕಾರವನ್ನು ಕೊಳೆ ಮಾಡಿಕೊಳ್ಳದವನು. ಇಂಥ ರಕ್ತದ ಪಾಠವನ್ನು ಬೇರೆಯವರಿಗೆ ಕಲಿಸಿದರೆ ಅದು ಕಲಿಸಿದವನ ಮೇಲೆಯೇ ತಿರುಗಿ ಬರುತ್ತದೆ. ಇಷ್ಟೆಲ್ಲ ಹೇಳಿಕೊಂಡು, ನನ್ನನ್ನು ಮುಂದೂಡಲು ಇರುವುದು ಮಹತ್ವಾಕಾಂಕ್ಷೆಯೊಂದೇ, ಅದೂ ಎಂಥದು, ಕುದುರೆ ಏರುವ ಅವಸರದಲ್ಲಿ ಹಾರಿ ಆಚೆ ಬದಿಗೆ ಬೀಳುವಂಥದು ಅನ್ನುತ್ತಾನೆ. ಮುಂದೆ ಆಗಲಿರುವುದನ್ನೆಲ್ಲ ಆಗುವ ಮೊದಲೇ ತಿಳಿದವನು! ಹೆಂಡತಿ ಬಂದಾಗ ಇದನ್ನು ಇಲ್ಲಿಗೇ ಬಿಡೋಣ ಅಂತಲೂ ಹೇಳಿಬಿಡುತ್ತಾನೆ.

ಅರಿಸ್ಟಾಟಲ್ ದುರಂತ ನಾಯಕನ ಬಗ್ಗೆ ಹೇಳುವಾಗ, ಪೂರ್ತಿ ದುಷ್ಟನಾದವನು ಬಿದ್ದರೆ ನಮಗೆ ಮರುಕವೂ ಹುಟ್ಟದು, ಭಯವೂ ಹುಟ್ಟದು ಅನ್ನುತ್ತಾನೆ. ನಮ್ಮಂಥವನೊಬ್ಬ ಯಾವುದೋ ಪ್ರಮಾದದಿಂದ ಬೀಳಬೇಕು. ಮ್ಯಾಕ್‌ಬೆತ್ ವಿಷಯದಲ್ಲಿ ಪ್ರಮಾದ ಅನ್ನಲಿಕ್ಕೂ ನನಗೆ ಬಾಯಿ ಬರುವುದಿಲ್ಲ, ಏಕೆಂದರೆ ಅವನಿಗೆ ಗೊತ್ತಿಲ್ಲದ್ದು ಏನೂ ಇಲ್ಲ. ಕಣ್ಣು ತೆರೆದುಕೊಂಡೇ ಬಾವಿಗೆ ಬಿದ್ದವನು.

ಲೇಡಿ ಮ್ಯಾಕ್‌ಬೆತ್ ತಳ್ಳಿದಳಲ್ಲ ಅನ್ನುತ್ತೀರಿ. ತಳ್ಳಿದಳು, ಒಪ್ಪಿದೆ. ನೀನು ಗಂಡಸೇ ಅಂತ ಕೇಳಿದಳು, ಮಾತು ಕೊಟ್ಟಿದ್ದರೆ ಹಾಲುಣ್ಣುವ ಕೂಸನ್ನೂ ಚಚ್ಚಿಬಿಡುತ್ತಿದ್ದೆ ಎಂಬ ಭಯಂಕರ ಮಾತನ್ನೂ ಆಡಿದಳು. ಆದರೆ ಗಂಡು ತಪ್ಪು ಮಾಡಿದಾಗಲೆಲ್ಲ ಪಕ್ಕದ ಹೆಣ್ಣನ್ನು ಹುಡುಕುವ ನಮ್ಮ ಚಪಲಕ್ಕೆ ಈ ನಾಟಕ ಅಷ್ಟಾಗಿ ಒದಗುವುದಿಲ್ಲ. ಗಂಡನ ಸ್ವಭಾವದಲ್ಲಿ ದಯೆ ಹೆಚ್ಚು, ಎತ್ತರಕ್ಕೇರುವ ಆಸೆಯಿದೆ, ಅದಕ್ಕೆ ಬೇಕಾದ ಕೆಡುಕು ಇಲ್ಲ ಎಂದು ಅವಳೇ ಗುರುತಿಸುತ್ತಾಳೆ. ಅವಳಿಗೆ ತಿಳಿಯದೆ ಹೋದದ್ದೆಂದರೆ, ಒಮ್ಮೆ ಮನಸ್ಸು ಕಲ್ಲು ಮಾಡಿಕೊಂಡ ಮೇಲೆ ಅವನಿಗೆ ತಾನೇ ಬೇಡವಾಗುತ್ತೇನೆ ಎಂಬುದು. ಡಂಕನ್‌ನ ಕೊಲೆ ಇಬ್ಬರೂ ಸೇರಿ ಮಾಡಿದ್ದು. ಬ್ಯಾಂಕೋನ ಕೊಲೆಯ ಯೋಜನೆಯನ್ನು ಅವನು ಅವಳಿಗೆ ಬಿಡಿಸಿ ಹೇಳುವುದಿಲ್ಲ. ಈಗ ತಿಳಿಯುವುದು ಬೇಡ, ಕೆಲಸ ಆದಮೇಲೆ ಮೆಚ್ಚಿಕೊಳ್ಳುವೆಯಂತೆ ಅನ್ನುತ್ತಾನೆ, ಅದೂ ಮುದ್ದಿನ ಮಾತಿನಲ್ಲಿ. ಗಂಡ ಹೆಂಡಿರ ನಡುವೆ ಬಾಗಿಲು ಮುಚ್ಚಿದ್ದು ಅಲ್ಲಿ. ಆಮೇಲೆ ಅವಳು ನಿದ್ದೆಯಲ್ಲಿ ನಡೆಯುತ್ತ ಕೈ ಉಜ್ಜಿಕೊಳ್ಳುವಾಗ ಅವನು ಪಕ್ಕದಲ್ಲಿಲ್ಲ, ನೋಡುವವರು ಒಬ್ಬ ವೈದ್ಯ, ಒಬ್ಬ ದಾಸಿ.

ಭಯದ ಮೊದಲ ಕೊಲೆ ಯಾವುದು ಗೊತ್ತೇ? ಬ್ಯಾಂಕೋನದಲ್ಲ. ಡಂಕನ್‌ನ ಕೋಣೆಯಲ್ಲಿ ಮಲಗಿದ್ದ ಇಬ್ಬರು ಕಾವಲಿನವರದು. ರಾತ್ರಿ ಯೋಜನೆಯಲ್ಲಿ ಇದು ಇರಲೇ ಇಲ್ಲ. ಅವರ ಮೈಗೆ ರಕ್ತ ಬಳಿದು ಆಪಾದನೆ ಹೊರಿಸುವುದಷ್ಟೇ ಇದ್ದದ್ದು. ಬೆಳಿಗ್ಗೆ ಸರದಾರ ಮ್ಯಾಕ್‌ಡಫ್ ಹೆಣ ಕಂಡು ಕೂಗಿಕೊಂಡ ಮೇಲೆ ಮ್ಯಾಕ್‌ಬೆತ್ ಒಳಗೆ ಹೋಗಿ ಅವರನ್ನು ಮುಗಿಸಿ, ದೊರೆಯ ಮೇಲಿನ ಪ್ರೀತಿಯಲ್ಲಿ ಸಿಟ್ಟು ತಡೆಯಲಾಗಲಿಲ್ಲ ಎಂದು ಸಮಜಾಯಿಷಿ ಕೊಡುತ್ತಾನೆ. ಯಾಕೆ ಕೊಂದೆ ಅಂತ ಕೇಳಿದವನು ಮ್ಯಾಕ್‌ಡಫ್. ಆ ಪ್ರಶ್ನೆಯ ಸಾಲ ಅವನ ಹೆಂಡತಿ ಮಕ್ಕಳ ತಲೆಗೆ ಬಂತೋ ಏನೋ. ಹಿಂದಿನ ರಾತ್ರಿ ಚೂರಿಯ ಭ್ರಮೆ ಕಂಡವನು, ಆಮೆನ್ ಅನ್ನಲು ಬಾಯಿ ಕಟ್ಟಿದವನು, ಸಮುದ್ರದ ನೀರೆಲ್ಲ ತಂದರೂ ಈ ಕೈ ತೊಳೆಯದು ಅಂದವನು, ಮರುದಿನ ಬೆಳಿಗ್ಗೆ ಇಬ್ಬರನ್ನು ಯೋಚಿಸದೆ ಕೊಂದ. ನಡುವೆ ಉರುಳಿದ್ದು ಕೆಲವೇ ಗಂಟೆ.

ಮೂರನೇ ಅಂಕದಲ್ಲಿ ರಾಜನಾಗಿ ಬಂದವನ ಬಾಯಲ್ಲಿ ಹೆಚ್ಚು ಕಡಿಮೆ ಮೊದಲು ಬರುವ ಮನದ ಮಾತೇ, ರಾಜನಾಗುವುದು ಏನೂ ಅಲ್ಲ, ನಿಶ್ಚಿಂತೆಯಾಗಿ ರಾಜನಾಗಿರಬೇಕು ಎಂಬುದು. ಒಂದು ದಿನವಾದರೂ ಸಿಂಹಾಸನದ ಮೇಲೆ ಕೂತು ಖುಷಿಪಟ್ಟನೇ? ನಾಟಕ ನಮಗೆ ಅದನ್ನು ತೋರಿಸುವುದೇ ಇಲ್ಲ. ಅವನ ಆಡಳಿತ ಹೇಗಿತ್ತು, ಒಂದು ಒಳ್ಳೆಯ ಕಾನೂನು ತಂದನೇ, ಏನೂ ಇಲ್ಲ. ಬ್ಯಾಂಕೋನ ವಂಶಕ್ಕೆ ರಾಜ್ಯ ಹೋಗುವುದಾದರೆ ನಾನು ಆತ್ಮ ಮಾರಿಕೊಂಡದ್ದು ಯಾರಿಗಾಗಿ ಎಂಬ ಉರಿ ಒಂದೇ. ಮಕ್ಕಳಿಲ್ಲದ ಕೈಯಲ್ಲಿ ಬಂಜೆ ರಾಜದಂಡ. ಬ್ಯಾಂಕೋ ಸತ್ತ, ಮಗ ಫ್ಲೀಯನ್ಸ್ ತಪ್ಪಿಸಿಕೊಂಡ. ಪೂರ್ತಿ ನಿಶ್ಚಿಂತೆ ಬೇಕೆನ್ನುವವನಿಗೆ ಯಾವಾಗಲೂ ಒಬ್ಬ ಫ್ಲೀಯನ್ಸ್ ತಪ್ಪಿಸಿಕೊಂಡಿರುತ್ತಾನೆ. ನಂತರ ಎಲ್ಲ ಸರದಾರರ ಮನೆಯಲ್ಲೂ ತನ್ನ ದುಡ್ಡು ತಿನ್ನುವ ಗೂಢಚಾರ ಆಳೊಬ್ಬನನ್ನು ಇಡುತ್ತಾನೆ. ಮ್ಯಾಕ್‌ಡಫ್ ಇಂಗ್ಲೆಂಡಿಗೆ ಹೋದ ಸುದ್ದಿ ಬಂದಾಗ ಅವನ ಕೋಟೆಗೆ ನುಗ್ಗಿಸಿ ಹೆಂಡತಿಯನ್ನೂ ಮಕ್ಕಳನ್ನೂ ಕಡಿಸುತ್ತಾನೆ. ಇದರಿಂದ ಅವನಿಗೆ ಎಳ್ಳಷ್ಟೂ ಪ್ರಯೋಜನವಿಲ್ಲ. ಆ ಮಕ್ಕಳಿಗೆ ಯಾವ ಮಾಟಗಾತಿಯೂ ರಾಜ್ಯ ಕೊಟ್ಟಿರಲಿಲ್ಲ. ಏಳನೇ ದೃಶ್ಯದಲ್ಲಿ ಅಷ್ಟು ಹೊತ್ತು ತೂಗಿ ನೋಡಿದವನು ಈಗ, ಇನ್ನು ಮನಸ್ಸಿಗೆ ಬಂದದ್ದು ಬಂದ ಹಾಗೆ ಕೈಗೆ ಬರಲಿ ಅನ್ನುತ್ತಾನೆ. ಯೋಚನೆಯೇ ಅವನ ಶತ್ರುವಾಗಿದೆ.

ಇಲ್ಲಿ ಇತಿಹಾಸದ ಒಂದು ವಿಷಯ ಹೇಳಬೇಕು. ನಿಜವಾದ ಮ್ಯಾಕ್‌ಬೆತ್ 11ನೇ ಶತಮಾನದ ಸ್ಕಾಟ್ಲೆಂಡಿನ ರಾಜ. ಡಂಕನ್ ಸತ್ತದ್ದು 1040ರಲ್ಲಿ, ಹಾಸಿಗೆಯಲ್ಲಲ್ಲ, ಯುದ್ಧದಲ್ಲಿ. ಅವನು ಮುದುಕನೂ ಆಗಿರಲಿಲ್ಲ. ಮ್ಯಾಕ್‌ಬೆತ್ 17 ವರ್ಷ ಆಳಿದ, 1050ರಲ್ಲಿ ರೋಮ್‌ಗೆ ಯಾತ್ರೆ ಹೋಗಿ ಬಂದ. ಸಿಂಹಾಸನ ಗಟ್ಟಿಯಾಗಿಲ್ಲದವನು ದೇಶ ಬಿಟ್ಟು ಅಷ್ಟು ದೂರ ಹೋಗುತ್ತಾನೆಯೇ? 1057ರಲ್ಲಿ ಮಾಲ್ಕಂನ ಕಡೆಯವರ ಕೈಯಲ್ಲಿ ಸತ್ತ. ಶೇಕ್ಸ್‌ಪಿಯರ್‌ಗೆ ಆಧಾರವಾದ ಹಾಲಿನ್‌ಶೆಡ್‌ನ ಚರಿತ್ರೆಯಲ್ಲೂ ಡಂಕನ್ ಮೆತ್ತಗಿನ ರಾಜ, ಬ್ಯಾಂಕೋ ಕೊಲೆಯಲ್ಲಿ ಪಾಲುದಾರ, ಮ್ಯಾಕ್‌ಬೆತ್ ಹತ್ತು ವರ್ಷ ನ್ಯಾಯವಾಗಿ ಆಳಿದವನು. ನಾಟಕಕಾರ ಇದನ್ನೆಲ್ಲ ಒರೆಸಿಹಾಕಿದ. ಬ್ಯಾಂಕೋನನ್ನು ಶುದ್ಧ ಮಾಡಿದ್ದಕ್ಕೆ ಕಾರಣ ಸುಲಭ: 1603ರಲ್ಲಿ ಇಂಗ್ಲೆಂಡಿನ ಪಟ್ಟಕ್ಕೆ ಬಂದ ಜೇಮ್ಸ್ ದೊರೆಯ ಮನೆತನ ತಾನು ಬ್ಯಾಂಕೋನ ವಂಶವೆಂದು ಹೇಳಿಕೊಳ್ಳುತ್ತಿತ್ತು. ಆದರೆ ಆ ಹತ್ತು ವರ್ಷದ ಒಳ್ಳೆಯ ಆಡಳಿತವನ್ನು ತೆಗೆದದ್ದು ಬರೀ ದೊರೆಯನ್ನು ಒಲಿಸಿಕೊಳ್ಳಲು ಅಂತ ನನಗನ್ನಿಸುವುದಿಲ್ಲ. ತನ್ನ ನಾಯಕನಿಗೆ ಒಂದು ನೆಪವನ್ನೂ ಉಳಿಸಬಾರದು, ಸಿಂಹಾಸನದ ಮೇಲೆ ಒಂದು ದಿನದ ನೆಮ್ಮದಿಯನ್ನೂ ಕೊಡಬಾರದು ಎಂದು ಅವನು ನಿರ್ಧರಿಸಿದಂತಿದೆ.

ಕನ್ನಡದವರಿಗೆ ಇಲ್ಲಿ ದುರ್ಯೋಧನ ನೆನಪಾಗದೆ ಇರುವುದಿಲ್ಲ. ರನ್ನ ತನ್ನ ಗದಾಯುದ್ಧದಲ್ಲಿ ಕಟ್ಟಿದ ದುರ್ಯೋಧನ. ಅವನೂ ಅಧಿಕಾರಕ್ಕಾಗಿ ಕುಲವನ್ನೇ ಸುಟ್ಟವನು, ಅವನ ಪಾಪದ ಪಟ್ಟಿ ಸಣ್ಣದಲ್ಲ. ಆದರೆ ಕೊನೆಗೆ ಹೆಣಗಳ ನಡುವೆ ಸಂಜಯನೊಡನೆ ನಡೆದು ಹೋಗುವಾಗ ಅವನು ಅಳುತ್ತಾನೆ. ದ್ರೋಣನಿಗೆ, ತಮ್ಮ ದುಶ್ಶಾಸನನಿಗೆ, ಮಗ ಲಕ್ಷಣಕುಮಾರನಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಕರ್ಣನಿಗೆ. ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆ ನಿಂತು, ನಿನ್ನಂಥ ಸಾವು ನನಗೂ ಬರಲಿ ಎಂದು ಬೇಡುತ್ತಾನೆ. ಸಂಧಿಯ ಮಾತು ಬಂದಾಗ "ನೆಲಕಿರಿವೆನೆಂದು ಬಗೆದಿರೆ ಛಲಕಿರಿವೆಂ" ಅನ್ನುತ್ತಾನೆ, ಅಂದರೆ ಹೋರಾಟ ನೆಲಕ್ಕಲ್ಲ, ಛಲಕ್ಕೆ. ಕರ್ಣನನ್ನು ಕೊಲ್ಲಿಸಿದ ಈ ನೆಲ ನನಗೆ ಪಾಳುನೆಲ, ಇದರ ಜೊತೆ ಮತ್ತೆ ಬಾಳುವೆನೇ ಎಂದು ಕೇಳುತ್ತಾನೆ. ಯಾವ ನೆಲಕ್ಕಾಗಿ ಇಷ್ಟೆಲ್ಲ ಆಯಿತೋ ಆ ನೆಲವೇ ಬೇಡವಾದ ಸ್ಥಿತಿ. ಬೇಡವಾಗಲು ಕಾರಣ, ಅದಕ್ಕಿಂತ ಹೆಚ್ಚು ಪ್ರೀತಿಸಿದವನೊಬ್ಬ ಇದ್ದ.

ಮ್ಯಾಕ್‌ಬೆತ್‌ಗೆ ಆ ಭಾಗ್ಯವೂ ಇಲ್ಲ. ಹೆಂಡತಿ ಸತ್ತ ಸುದ್ದಿ ಬಂದಾಗ ಅವನಿಗೆ ಅಳು ಬರುವುದಿಲ್ಲ. ನಾಳೆ, ಮತ್ತೊಂದು ನಾಳೆ, ಮಗದೊಂದು ನಾಳೆ ಎಂದು ಎಲ್ಲರಿಗೂ ಗೊತ್ತಿರುವ ಆ ಮಾತು ಬರುತ್ತದೆ. ಅದನ್ನು ಜೀವನದ ತತ್ತ್ವವೆಂದು ಉದ್ಧರಿಸುವವರನ್ನು ಕಂಡರೆ ನನಗೆ ಸಣ್ಣ ಕಿರಿಕಿರಿ. ಅದು ಬದುಕಿನ ಬಗ್ಗೆ ಶೇಕ್ಸ್‌ಪಿಯರ್‌ನ ತೀರ್ಪಲ್ಲ, ದುಃಖಪಡುವ ಶಕ್ತಿಯನ್ನೇ ಖರ್ಚು ಮಾಡಿಕೊಂಡವನ ಮಾತು. ಅದಕ್ಕೆ ಸ್ವಲ್ಪ ಮೊದಲು ಬರುವ ಇನ್ನೊಂದು ಮಾತು ನನಗೆ ಇದಕ್ಕಿಂತ ಹೆಚ್ಚು ಚುಚ್ಚುತ್ತದೆ. ಮುಪ್ಪಿಗೆ ಜೊತೆಯಾಗಬೇಕಾದ ಗೌರವ, ಪ್ರೀತಿ, ವಿಧೇಯತೆ, ಸ್ನೇಹಿತರ ಬಳಗ, ಯಾವುದೂ ನನಗೆ ಸಿಗುವಂತಿಲ್ಲ. ಸಿಗುವುದು ಜನ ಒಳಗೊಳಗೇ ಹಾಕುವ ಶಾಪ, ತುಟಿ ಮೇಲಿನ ಮರ್ಯಾದೆ. ರಾಜನಾಗುವ ಮೊದಲು ಇದೆಲ್ಲ ಅವನ ಬಳಿ ಇತ್ತಲ್ಲ! ಡಂಕನ್ ಕೊಟ್ಟ ಸನ್ಮಾನವನ್ನು ನೆನೆದು, ಎಲ್ಲರಿಂದ ಬಂಗಾರದಂಥ ಹೆಸರು ಪಡೆದಿದ್ದೇನೆ, ಇಷ್ಟು ಬೇಗ ಯಾಕೆ ಕಳೆದುಕೊಳ್ಳಲಿ ಎಂದು ಕೊಲೆಗೆ ಮೊದಲು ಅವನೇ ಹೆಂಡತಿಗೆ ಹೇಳಿದ್ದ.

ಕೊನೆಯ ಕಾಳಗದಲ್ಲಿ, ಮ್ಯಾಕ್‌ಡಫ್ ತಾಯಿಯ ಹೊಟ್ಟೆ ಸೀಳಿ ಹೊರತೆಗೆದ ಮಗು ಎಂದು ತಿಳಿದಾಗ, ಹೆಣ್ಣು ಹೆತ್ತ ಯಾರಿಂದಲೂ ನಿನಗೆ ಕೇಡಿಲ್ಲ ಎಂದಿದ್ದ ಭವಿಷ್ಯದ ಕೊನೆಯ ಆಸರೆಯೂ ಕುಸಿಯುತ್ತದೆ. ಮೊದಲಿಗೆ ನಿನ್ನೊಡನೆ ಹೋರಾಡಲಾರೆ ಅನ್ನುತ್ತಾನೆ. ಹಾಗಾದರೆ ಶರಣಾಗು, ವಿಚಿತ್ರ ಪ್ರಾಣಿಯ ಹಾಗೆ ನಿನ್ನ ಚಿತ್ರ ಬರೆಸಿ ಕಂಬಕ್ಕೆ ತೂಗುಹಾಕುತ್ತೇವೆ ಅಂದಾಗ ಮತ್ತೆ ಗುರಾಣಿ ಎತ್ತುತ್ತಾನೆ. ಗೆಲುವಿಲ್ಲವೆಂದು ಗೊತ್ತಿದ್ದೇ ಎತ್ತಿದ್ದು. ಮೊದಲ ಅಂಕದಲ್ಲಿ ಸುದ್ದಿಯಾಗಿ ಕೇಳಿದ್ದ ಆ ಯೋಧ ಇಲ್ಲಿ ಕ್ಷಣಕಾಲ ಕಣ್ಣಿಗೆ ಬೀಳುತ್ತಾನೆ. ಹೆದರಿಸಲಿಕ್ಕೆ ಇನ್ನೇನೂ ಉಳಿದಿಲ್ಲದ್ದರಿಂದಲೋ ಏನೋ.

ಗೆದ್ದ ಮಾಲ್ಕಂ ತನ್ನವರಿಗೆಲ್ಲ ಹೊಸ ಪದವಿ ಹಂಚಿ, ಸತ್ತವನನ್ನು ಕಟುಕ ಎಂದೂ ಅವನ ರಾಣಿಯನ್ನು ಪಿಶಾಚಿಯಂಥವಳೆಂದೂ ಕರೆಯುತ್ತಾನೆ. ಅವನನ್ನುವುದರಲ್ಲಿ ತಪ್ಪೇನಿಲ್ಲ, ಅಪ್ಪನನ್ನು ಕಳೆದುಕೊಂಡ ಮಗ. ಹೆಂಡತಿ ಮಕ್ಕಳೆಲ್ಲರನ್ನೂ ಕಳೆದುಕೊಂಡ ಮ್ಯಾಕ್‌ಡಫ್‌ನ ಎದುರು ನಿಂತು ಬೇರೆ ಏನು ತಾನೇ ಅಂದಾನು? ಆದರೆ ಆ ಔತಣದ ರಾತ್ರಿ ಹೊರಗೆ ನಿಂತು ಒಬ್ಬನೇ ಲೆಕ್ಕ ಹಾಕಿದವನ ಮಾತು ಮಾಲ್ಕಂನ ಕಿವಿಗೆ ಬಿದ್ದಿರಲಿಲ್ಲ. ನಮಗೆ ಬಿದ್ದಿದೆ. ಹಾಗಾಗಿ ಎಷ್ಟು ಸಲ ಓದಿದರೂ ಆ ತೀರ್ಪಿಗೆ ಪೂರ್ತಿಯಾಗಿ ಹೂಂಗುಟ್ಟಲು ನನ್ನಿಂದ ಆಗುವುದಿಲ್ಲ.