ಐಆರ್ ಓದಿದ್ರೆ ರಾಯಭಾರಿ ಆಗ್ತಾರಾ ಮಾವ?

ಅಕ್ಕನ ಮಗಳು ಸೆಕೆಂಡ್ ಪಿಯುಸಿ ಮುಗಿಸಿ ಮನೇಲಿ ಕೂತಿದಾಳೆ, ಡಿಗ್ರಿಗೆ ಇಂಟರ್‌ನ್ಯಾಷನಲ್ ರಿಲೇಷನ್ಸೇ (ಐಆರ್, ದೇಶದೇಶಗಳ ಸಂಬಂಧದ ಓದು) ಬೇಕು ಅಂತ ಹಠ. ಅಕ್ಕ ಫೋನ್ ಮಾಡಿ "ಅವಳ ತಲೆ ಕೆಡಿಸಿದ್ದು ನೀನೇ, ಈಗ ನೀನೇ ಬುದ್ಧಿ ಹೇಳು" ಅಂತ ಬೈದ್ಲು. ಅಷ್ಟ್ರಲ್ಲಿ ಹುಡುಗಿ ಫೋನ್ ಕಸ್ಕೊಂಡು "ಮಾವ, ಇದನ್ನ ಓದಿದ್ರೆ ಐಎಫ್‌ಎಸ್ (ವಿದೇಶಾಂಗ ಸೇವೆ) ಸುಲಭ ಅಲ್ವಾ, ರಾಯಭಾರಿ ಆಗ್ಬಹುದಲ್ವಾ" ಅಂದ್ಲು. ಅವಳಿಗೆ ಹೇಳಿದ್ದನ್ನೇ ಇಲ್ಲೂ ಹಾಕ್ತಿದೀನಿ.

ಐಎಫ್‌ಎಸ್ ವಿಷಯ ಮೊದ್ಲು ಮುಗಿಸ್ಬಿಡೋಣ. ಅದಕ್ಕೆ ಬರೆಯೋ ಯುಪಿಎಸ್‌ಸಿ ಪರೀಕ್ಷೆಗೆ ಯಾವ ಡಿಗ್ರಿ ಆದ್ರೂ ನಡಿಯುತ್ತೆ. 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಹೆಣ್ಮಗಳು ನಮ್ಮ ಕೊಡಗಿನ ಸಿ.ಬಿ. ಮುತ್ತಮ್ಮ, ಅವರು ಓದಿದ್ದು ಇಂಗ್ಲಿಷ್ ಸಾಹಿತ್ಯ. (ಮದುವೆ ಆಗೋಕೆ ಸರ್ಕಾರದ ಪರ್ಮಿಷನ್ ಬೇಕು ಅನ್ನೋ ರೂಲು ಆಗ ಹೆಂಗಸರಿಗೆ ಮಾತ್ರ ಇತ್ತು, ಆ ತಾರತಮ್ಯದ ವಿರುದ್ಧ ಸುಪ್ರೀಂ ಕೋರ್ಟ್ ಹತ್ತಿದ ಗಟ್ಟಿಗಿತ್ತಿ. 1979ರ ತೀರ್ಪು, ಹುಡುಕಿ ಓದಿ.) ಆಸೆ ಇದ್ರೆ ಇರ್ಲಿ, ಅದೊಂದಕ್ಕೇ ಅಂತ ಈ ಸಬ್ಜೆಕ್ಟ್ ತಗೋಬೇಡಿ.

ನಾನು ದೆಹಲಿಲಿ ಎಂಎ ಮಾಡಿದ್ದು. ಮೊದಲ ಸೆಮಿಸ್ಟರ್ ಪೂರ್ತಿ ಥಿಯರಿ, ರಿಯಲಿಸಂ (ದೇಶಗಳ ನಡುವೆ ನಡೆಯೋದು ಬಲದ ಲೆಕ್ಕವೇ ಅನ್ನೋ ವಾದ), ಲಿಬರಲಿಸಂ (ಸಹಕಾರವೂ ಸಾಧ್ಯ ಅನ್ನೋ ವಾದ), ಮಾರ್ಗೆಂಥೌ, ವಾಲ್ಟ್ಜ್ ಅನ್ನೋ ರಿಯಲಿಸ್ಟ್ ಪಂಡಿತರು. ಈ ಸಬ್ಜೆಕ್ಟ್‌ಗೆ ಮೊದಲ ಪ್ರೊಫೆಸರ್ ಪೀಠ ಶುರುವಾಗಿದ್ದು 1919ರಲ್ಲಿ, ವೇಲ್ಸಿನ ಅಬರಿಸ್ಟ್‌ವಿತ್‌ನಲ್ಲಿ, ಮೊದಲ ಮಹಾಯುದ್ಧ ನೋಡಿ ಇನ್ಮೇಲೆ ಯುದ್ಧ ಬೇಡಪ್ಪಾ ಅನ್ನೋ ಆಸೆಯಿಂದ. ಸರಿಯಾಗಿ 20 ವರ್ಷಕ್ಕೆ ಅದಕ್ಕಿಂತ ದೊಡ್ಡ ಯುದ್ಧ ಬಂತು, ಅದು ಬೇರೆ ಮಾತು. ನಾನಂತೂ ರಜಕ್ಕೆ ಊರಿಗೆ ಬಂದಾಗ ಹೆಜೆಮನಿ (ಒಂದು ದೇಶದ ಯಜಮಾನಿಕೆ) ಗಿಜೆಮನಿ ಅಂತೆಲ್ಲ ಭಾಷಣ ಬಿಗೀತಿದ್ದೆ, ಅಮ್ಮ ಪಾಪ ತಲೆ ಆಡಿಸ್ತಾ ದೋಸೆ ಹಾಕೋಳು.

ಆಮೇಲೆ 2022ರ ಸೆಪ್ಟೆಂಬರ್ ಬಂತು. ಸಾಗರದಿಂದ ಅಪ್ಪನ ಫೋನು, "ಭೂತಾನದಿಂದ ಹಸಿ ಅಡಿಕೆ ತರಿಸ್ತಾರಂತಲ್ಲೋ, 17 ಸಾವಿರ ಟನ್ನಂತೆ, ನೀನು ಅದೇ ಏನೋ ಓದ್ತಿದೀಯಲ್ಲ, ಯಾಕಂತೆ?" ನನ್ನತ್ರ ಉತ್ತರ ಇರ್ಲಿಲ್ಲ. ವಾಲ್ಟ್ಜ್ ಹತ್ರಾನೂ ಇರ್ಲಿಲ್ಲ. ನಾಚಿಕೆ ಆಗಿ ಆ ಆಮದಿನ ಸರ್ಕಾರಿ ಅಧಿಸೂಚನೆ ತೆಗೆದು ಓದ್ದೆ. ಕನಿಷ್ಠ ಆಮದು ಬೆಲೆ ಕೆಜಿಗೆ 251 ರೂಪಾಯಿ, ಅದಕ್ಕಿಂತ ಅಗ್ಗದ್ದು ತರೋ ಹಾಗಿಲ್ಲ ಅಂತ ಬೇಲಿ ಇತ್ತಲ್ಲ, ಭೂತಾನಕ್ಕೆ ಮಾತ್ರ ಆ ಬೇಲಿ ತೆಗೆದಿದ್ರು. ಮ್ಯಾಪ್ ತೆಗೆದು ಕೂತೆ. ಭೂತಾನದ ಮಗ್ಗುಲಲ್ಲೇ ಚೀನಾ, 2017ರಲ್ಲಿ ಅಲ್ಲೇ ಗಡಿಯ ಡೋಕ್ಲಾಮ್‌ನಲ್ಲಿ ಭಾರತ, ಚೀನಾ ಸೈನ್ಯ 73 ದಿನ ಎದುರುಬದುರು ನಿಂತಿದ್ವು. ಆ ಪುಟ್ಟ ದೇಶದ ಮನಸ್ಸು ಕೆಡಿಸ್ಕೊಳ್ಳೋದು ದೆಹಲಿಗೆ ಬೇಡ, ಅದರ ಒಂದು ಚೂರು ಲೆಕ್ಕ ನಮ್ಮ ತೋಟಕ್ಕೂ ಬಿತ್ತು ಅಂತ ನನ್ನ ಅಂದಾಜು. ಅಪ್ಪಂಗೆ ಹೇಳಿದ್ರೆ "ಓಹೋ, ಗಡಿ ಕಾಯೋ ಖರ್ಚು ಅಡಿಕೆ ಮಂಡಿಲಿ ವಸೂಲಿ" ಅಂದ್ರು. ಎಂಎ ಪೂರ್ತಿಲಿ ಇಷ್ಟು ಚೆನ್ನಾಗಿ ಯಾರೂ ಹೇಳಿರ್ಲಿಲ್ಲ. ನಮ್ಮ ರಾಜ್ಯದ ಲಕ್ಷಗಟ್ಟಲೆ ಟನ್ ಬೆಳೆ ಮುಂದೆ 17 ಸಾವಿರ ಟನ್ ಏನೂ ಅಲ್ಲ, ಅದೂ ಹಸಿ, ಒಣಗಿಸಿ ಸುಲಿದ್ರೆ ಎಷ್ಟು ಉಳಿಯುತ್ತೆ ಅಂತ ಮಲೆನಾಡಿನ ಮಕ್ಕಳಿಗೂ ಗೊತ್ತು, ಆದ್ರೂ ಬೆಳೆಗಾರರು ರೊಚ್ಚಿಗೆದ್ರು, 2023ರ ಫೆಬ್ರವರಿಲಿ ಬೇರೆ ದೇಶಗಳಿಗೆ ಬೇಲಿ 351ಕ್ಕೆ ಏರ್ತು.

ನನ್ನ ತಕರಾರು ಇಷ್ಟೇ, ಇದು ಸಿಲಬಸ್ಸಲ್ಲಿ ಯಾಕಿಲ್ಲ? ಅಮೆರಿಕ-ಸೋವಿಯತ್ ನಡುವಿನ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟು ದಿನದಿನದ ಲೆಕ್ಕದಲ್ಲಿ ಬಾಯಿಪಾಠ, ನಮ್ಮ ಮನೆ ಬಾಗಿಲಿಗೆ ಬರೋ ವಿದೇಶಾಂಗ ನೀತಿ ಬಗ್ಗೆ ಒಂದು ಪೇಜಿಲ್ಲ. ಈಗ ನಾನು ಕೆಲಸ ಮಾಡೋದು ಕಾಫಿ ರಫ್ತು ಕಡೆ. ಯುರೋಪ್ ಯೂನಿಯನ್ 2023ರಲ್ಲಿ ಕಾನೂನು ತಂತು, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ತಗೊಳ್ಳಲ್ಲ, ಪ್ರತಿ ತೋಟದ ಲೊಕೇಷನ್ ಕೊಡಿ ಅಂತ. ಜಾರಿ ಮುಂದಕ್ಕೆ ಹೋಗ್ತಾ ಇದೆ, ಆದ್ರೂ ಬ್ರಸೆಲ್ಸಿನ ಆ ಕಾಗದ ಓದಿ ಮೂಡಿಗೆರೆ ಕಡೆಯ ಪ್ಲಾಂಟರ್‌ಗೆ ಕನ್ನಡದಲ್ಲಿ ಬಿಡಿಸಿ ಹೇಳೋರು ಬೇಕಲ್ಲ, ಅದೇ ನನ್ನ ಸಂಬಳ. ಟಿವಿಲಿ ಕೂತು ಮೂರನೇ ಮಹಾಯುದ್ಧ ಶುರು ಅಂತ ಕೂಗೋದನ್ನ ಐಆರ್ ಅಂದ್ಕೊಂಡಿದ್ರೆ ಕ್ಲಾಸಲ್ಲಿ ನಿದ್ದೆ ಬರುತ್ತೆ, ಒಣ ಕಾಗದ ಓದೋ ಚಟ ಇರ್ಬೇಕು. ಜೊತೆಗೆ ಫ್ರೆಂಚೋ ಅರಬ್ಬಿಯೋ ಒಂದು ಭಾಷೆ, ಸ್ವಲ್ಪ ಎಕನಾಮಿಕ್ಸ್.

ಹುಡುಗಿಗೆ ಆ ಭೂತಾನದ ಅಧಿಸೂಚನೆ ವಾಟ್ಸಾಪ್ ಮಾಡಿ, ಓದು, ಬೋರಾದ್ರೆ ಬಿಕಾಂ ಸೇರು ಅಂದಿದ್ದೆ. ನಿನ್ನೆ ರಾತ್ರಿ ಹನ್ನೊಂದಕ್ಕೆ ಮೆಸೇಜು, "ಮಾವ, ಜೈಗಾಂವ್ ಮೂಲಕಾನೇ ತರ್ಬೇಕು ಅಂತ ಯಾಕೆ ಹಾಕಿದಾರೆ?" (ಜೈಗಾಂವ್ ಅಂದ್ರೆ ಭೂತಾನ ಗಡಿಗೆ ಅಂಟಿರೋ ನಮ್ಮ ಕಡೆಯ ಊರು.)

ಬೆಳಿಗ್ಗೆ ಅಕ್ಕಂಗೆ ಫೋನ್ ಮಾಡ್ದೆ. ಇನ್ನೂ ಬೈತಿದಾಳೆ, ಆದ್ರೆ ಅಪ್ಲಿಕೇಶನ್ ಫೀಸ್ ಎಷ್ಟು ಅಂತಾನೂ ಕೇಳಿದ್ಲು.